ಅಜ್ಜಿ ಮನೆ ಅಟ್ಟದಲ್ಲಿ 113 ದುಂಡನೆ ಆಟದ ಎಲೆಗಳು ಸಿಕ್ಕಿವೆ. ಫ್ರೇಮ್ ಹಾಕಿಸೋದಾ, ಆಡೋದಾ?

ಕಾವೇರಿದಡದ_ಮೊಮ್ಮಗಳು
(ಶನಿವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಅಜ್ಜಿ ಮನೆಯ ಅಟ್ಟ ಖಾಲಿ ಮಾಡುವಾಗ ಹಿತ್ತಾಳೆ ಕೊಳಗದ ಹಿಂದೆ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಮುಚ್ಚಳವನ್ನು ಪಕ್ಕಕ್ಕೆ ಜಾರಿಸಿ ತೆಗೆಯಬೇಕು. ಒಳಗೆ ದುಂಡನೆ ಎಲೆಗಳು, ಒಂದರ ಮೇಲೊಂದು ಹಪ್ಪಳದ ಹಾಗೆ ಜೋಡಿಸಿಟ್ಟಿದ್ದರು. ನನ್ನ ಅಂಗೈಗೆ ಸರಿಯಾಗಿ ಕೂರುವಷ್ಟು ಅಗಲ. ಹಿಂದೆ ಎಲ್ಲದಕ್ಕೂ ಒಂದೇ ಕೆಂಪು. ಮುಂದೆ ಮಾತ್ರ ಚಿತ್ರ. ಹಳದಿ ಬಣ್ಣದ ಎಲೆಗಳಲ್ಲಿ ಮೀನು. ಒಂದರಲ್ಲಿ ಒಂದು ಮೀನು, ಇನ್ನೊಂದರಲ್ಲಿ ಎರಡು, ಹೀಗೇ ಹತ್ತರವರೆಗೆ. ಹತ್ತು ಮೀನುಗಳನ್ನು ಅಷ್ಟು ಚಿಕ್ಕ ಜಾಗದಲ್ಲಿ ಬರೆದವರ ಕೈಗೆ ನಮಸ್ಕಾರ ಮಾಡಬೇಕು. ಪ್ರತಿ ಮೀನಿಗೂ ಕಣ್ಣಿದೆ, ರೆಕ್ಕೆಯಿದೆ. ಹಸಿರು ಎಲೆಗಳಲ್ಲಿ ಆಮೆ, ಇನ್ನು ಕೆಲವದರಲ್ಲಿ ಕೊಡಲಿ, ಶಂಖ.

ಎಣಿಸಿದರೆ 113 ಇವೆ. ಅಜ್ಜಿಯನ್ನು ಕೇಳಿದೆ. "ನಮ್ಮತ್ತೆ ಆಡ್ತಿದ್ರು ಕಣೆ. ಆಮೇಲಾಮೇಲೆ ನನ್ನನ್ನೂ ಕೂರಿಸಿಕೊಳ್ತಿದ್ರು" ಅಂದರು. ಅವರಿಗೀಗ 84.

ನಮ್ಮ ಚಿಕ್ಕಪ್ಪನ ಮಗ ಇವನ್ನೆಲ್ಲ ಗಾಜಿನ ಫ್ರೇಮಿಗೆ ಅಂಟಿಸಿ ಹಾಲ್‌ನಲ್ಲಿ ಹಾಕೋಣ ಅನ್ನುತ್ತಿದ್ದಾನೆ. ನನಗೆ ಮನಸ್ಸಿಲ್ಲ. ಇದು ಗಂಜೀಫಾ ಅನ್ನುವ ಹಳೆಯ ಎಲೆಯಾಟದ್ದಾ? 113 ಅನ್ನುವ ಲೆಕ್ಕ ಸರಿಯಾ? ಗೊತ್ತಿದ್ದವರು ಹೇಳಿ.

ಎಲೆಗಾರ_ಮಂಡ್ಯ
(ಶನಿವಾರ, ರಾತ್ರಿ 10:15)

ಮೊದಲು ನಿಮ್ಮ ತಮ್ಮನ ಕೈಯಿಂದ ಆ ಅಂಟಿನ ಬಾಟಲಿ ಕಿತ್ತುಕೊಳ್ಳಿ. ಉಳಿದದ್ದು ಆಮೇಲೆ.

ಹೌದು, ಇದು ಗಂಜೀಫಾ. ನೀವು ಹೇಳಿದ ಗುರುತು ನೋಡಿದರೆ ದಶಾವತಾರದ ಕಟ್ಟು. ಹತ್ತು ಅವತಾರ ಅಂದರೆ ಹತ್ತು ಬಣ, ಒಂದೊಂದಕ್ಕೆ 12 ಎಲೆ. ಒಟ್ಟು 120. ನಿಮ್ಮಲ್ಲಿ 7 ಕಡಿಮೆ ಇವೆ ಅಷ್ಟೆ. ಇಷ್ಟು ವರ್ಷದ ಮೇಲೆ ಏಳೇ ಹೋಗಿವೆ ಅಂದರೆ ನಿಮ್ಮ ಮನೆಯವರು ಜೋಪಾನವಾಗಿ ಇಟ್ಟಿದ್ದಾರೆ.

ಹನ್ನೆರಡರಲ್ಲಿ ಒಂದು ರಾಜ, ಒಂದು ಮಂತ್ರಿ, ಉಳಿದದ್ದು ಒಂದರಿಂದ ಹತ್ತು. ರಾಜನ ಎಲೆಯಲ್ಲಿ ಅವತಾರವೇ ಇರುತ್ತದೆ. ರಾಣಿ ಇಲ್ಲ. ಎಕ್ಕ-ರಾಜ-ರಾಣಿ ಅಂತ ಆಡಿ ರೂಢಿಯಾದವರಿಗೆ ಇದು ಮೊದಲು ವಿಚಿತ್ರ ಅನಿಸುತ್ತೆ.

ಬಣ್ಣದ ಪ್ರಕಾರ ಬೇರೆ ಮಾಡಿ. ಮೀನು ಮತ್ಸ್ಯನಿಗೆ, ಆಮೆ ಕೂರ್ಮನಿಗೆ, ಕೊಡಲಿ ಪರಶುರಾಮನಿಗೆ. ಶಂಖ ಹಲವು ಕಡೆ ವರಾಹನ ಗುರುತು. ಕೆಲವು ಗುರುತುಗಳು ಊರಿಂದ ಊರಿಗೆ ಬದಲಾಗುತ್ತವೆ. ಹಾಗಾಗಿ ಗುರುತು ನೋಡಿ ಗಲಿಬಿಲಿಯಾದರೆ ಹಿನ್ನೆಲೆ ಬಣ್ಣ ಹಿಡಿದು ಹೋಗಿ.

ಬಣ್ಣದ_ಬಟ್ಟಲು
(ಶನಿವಾರ, ರಾತ್ರಿ 10:50)

ನಾನು ಹನ್ನೊಂದು ವರ್ಷದಿಂದ ಮೈಸೂರು ಶೈಲಿಯ ಚಿತ್ರ ಬರೆಯುತ್ತಿದ್ದೇನೆ. ಅಕ್ಕಾ, ಒಂದು ಎಚ್ಚರಿಕೆ ಹೇಳಲೇಬೇಕು. ಎಲೆ ಬಿಡಿಸುವಾಗ ಬೆರಳಿಗೆ ಎಂಜಲು ಹಚ್ಚಬೇಡಿ. ಹಳೆಯ ಹಳದಿ ಹರಿತಾಳ ಇರಬಹುದು, ಅದರಲ್ಲಿ ಆರ್ಸೆನಿಕ್ ಇರುತ್ತೆ. ಕೆಂಪು ಇಂಗಲೀಕ ಇರಬಹುದು, ಅದರಲ್ಲಿ ಪಾದರಸ. ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ, ಮಕ್ಕಳ ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ. ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ, ಬಣ್ಣ ಎದ್ದು ಬರುತ್ತೆ. ಬಿಸಿಲಿಗೂ ಇಡಬೇಡಿ. ಹಿಂಬದಿಗೆ ಅರಗು ಹಚ್ಚಿದ್ದರೆ ಬಿಸಿಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಹುಬ್ಬಳ್ಳಿ_ಹುಡುಗ
(ಭಾನುವಾರ, ಬೆಳಿಗ್ಗೆ 7:05)

ಭಾಳ ಚಲೋ ವಿಷಯ ತೆಗೆದೀರಿ ಅಕ್ಕಾ. ನನ್ನದೊಂದು ಪ್ರಶ್ನೆ. ಎಲ್ಲಾ ಬಿಟ್ಟು ದುಂಡಗೆ ಯಾಕೆ ಮಾಡಿದರು? ಇಸ್ಪೀಟು ಎಲೆ ಚೌಕ ಇದ್ದರೇನೇ ಕೈಯಾಗ ಹಿಡಿಯಾಕ ಸುಲಭ ಅಲ್ರೀ?

ಇತಿಹಾಸದ_ಮೇಷ್ಟ್ರು
(ಭಾನುವಾರ, ಬೆಳಿಗ್ಗೆ 8:30)

ಒಳ್ಳೆಯ ಪ್ರಶ್ನೆ. ಆಟ ನಮ್ಮಲ್ಲಿಗೆ ಬಂದದ್ದು ಪರ್ಷಿಯಾ, ಮಧ್ಯ ಏಷ್ಯಾ ಕಡೆಯಿಂದ. ಬಾಬರ್ ತನ್ನ ಆತ್ಮಕಥೆಯಲ್ಲಿ 1527ರಲ್ಲಿ ಸಿಂಧ್‌ನ ಶಾ ಹಸನ್‌ಗೆ ಗಂಜೀಫಾ ಎಲೆಗಳನ್ನು ಕಳಿಸಿದ್ದನ್ನು ಬರೆದಿದ್ದಾನೆ. ಅಕ್ಬರನ ಕಾಲಕ್ಕೆ ಅಬುಲ್ ಫಜಲ್ ಹನ್ನೆರಡು ಬಣದ, 144 ಎಲೆಯ ಆಟವನ್ನು ವಿವರಿಸುತ್ತಾನೆ. ಆ ಬಣಗಳ ಹೆಸರು ಕೇಳಿ: ಅಶ್ವಪತಿ, ಗಜಪತಿ, ನರಪತಿ, ಹೀಗೆ. ಗಜಪತಿ ಅಂದಾಗ ಒಡಿಶಾದ ದೊರೆಯ ಉದಾಹರಣೆ ಕೊಡುತ್ತಾನೆ. ನರಪತಿ ಅಂದರೆ ಕಾಲಾಳುಗಳ ಬಲದ ರಾಜ. ಅದಕ್ಕೆ ಕೊಟ್ಟಿರುವ ಉದಾಹರಣೆ ನಮ್ಮ ಬಿಜಾಪುರದ ಸುಲ್ತಾನರು! ಇದನ್ನು ಮೊದಲ ಸಲ ಓದಿದ ದಿನ ನಾನು ತರಗತಿಯಲ್ಲಿ ಪಾಠ ಬಿಟ್ಟು ಇದನ್ನೇ ಹೇಳಿದ್ದೆ.

ಪರ್ಷಿಯಾದ ಎಲೆಗಳು ಉದ್ದನೆ ಚೌಕದವು. ದುಂಡು ರೂಪ ಬೆಳೆದದ್ದು ನಮ್ಮ ನೆಲದಲ್ಲಿ. ಹಾಗಂತ ನಮ್ಮಲ್ಲೂ ಎಲ್ಲವೂ ದುಂಡಗಿರಲಿಲ್ಲ, ಚೌಕದ ಕಟ್ಟುಗಳೂ ಇವೆ. ಆದರೆ ಗಂಜೀಫಾ ಅಂದ ತಕ್ಷಣ ಕಣ್ಣಿಗೆ ಬರುವುದು ದುಂಡನೆಯದೇ.

ಎಲೆಗಾರ_ಮಂಡ್ಯ
(ಭಾನುವಾರ, ಬೆಳಿಗ್ಗೆ 9:10)

ಮೇಷ್ಟ್ರ ಮಾತಿಗೆ ಆಡುವವನಾಗಿ ನಾನು ಸ್ವಲ್ಪ ಸೇರಿಸುತ್ತೇನೆ. ಇದು ಕೈಗೆ ಗೊತ್ತಾದ ವಿಷಯ, ಪುಸ್ತಕದ್ದಲ್ಲ.

ಮೂರು ಜನ ಆಡಿದರೆ ಒಬ್ಬೊಬ್ಬರಿಗೆ 40 ಎಲೆ ಬರುತ್ತೆ. ನಲವತ್ತು! ಬೀಸಣಿಗೆ ಥರ ಬಿಡಿಸಿದರೆ ಒಂದೊಂದು ಎಲೆಯೂ ಬಿದಿಗೆ ಚಂದ್ರನಷ್ಟು ಮಾತ್ರ ಕಾಣುತ್ತೆ. ಆ ಸಣ್ಣ ಅಂಚಿನಲ್ಲೇ ಅದು ಯಾರ ಬಣದ್ದು ಅಂತ ತಿಳಿಯಬೇಕು. ಒಂದೊಂದು ಬಣಕ್ಕೆ ಒಂದೊಂದು ಹಿನ್ನೆಲೆ ಬಣ್ಣ ಕೊಟ್ಟಿದ್ದು ಬರೀ ಚಂದಕ್ಕಲ್ಲ. ಹಳದಿ ಅಂಚು ಕಂಡರೆ ಮೀನು, ಹಸಿರು ಕಂಡರೆ ಆಮೆ. ಇನ್ನೊಂದು, ಎಲೆಗೆ ಮೂಲೆಯೇ ಇಲ್ಲ. ಬಟ್ಟೆಯ ಎಲೆಗೆ ಮೂಲೆ ಇದ್ದಿದ್ದರೆ ಮೊದಲು ನಲುಗುತ್ತಿದ್ದದ್ದು ಅದೇ. ಹೇಗೆ ಹಿಡಿದರೂ ಅಂಗೈಯಲ್ಲಿ ಒಂದೇ ಥರ ಕೂರುತ್ತೆ. ಹುಬ್ಬಳ್ಳಿ ಅಣ್ಣ, ಒಮ್ಮೆ ಕೈಯಲ್ಲಿ ಹಿಡಿದು ನೋಡಿ, ಚೌಕದ ಎಲೆ ಮರೆತುಬಿಡ್ತೀರಿ.

ಕಲಸುವುದಂತೂ ಬೇರೆ ಥರ. ಇಸ್ಪೀಟಿನ ಹಾಗೆ ಕೈಯಲ್ಲಿ ಕಲಸಲು ಆಗುವುದಿಲ್ಲ. ಬಟ್ಟೆ ಹಾಸಿ, ಎಲ್ಲವನ್ನೂ ಕವುಚಿ ಹಾಕಿ, ಎರಡೂ ಅಂಗೈಯಲ್ಲಿ ಅಕ್ಕಿ ಕೈಯಾಡಿಸಿದ ಹಾಗೆ ಕಲಸುವುದು. ಆ ಸದ್ದೇ ಒಂದು ಸುಖ.

ಹಡ್ಸನ್_ಕನ್ನಡಿಗ
(ಭಾನುವಾರ, ಬೆಳಿಗ್ಗೆ 10:20)

ನ್ಯೂಯಾರ್ಕ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಮಲಗುವ ಹೊತ್ತು, ಆದರೆ ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ಇಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ಕ್ಲಾಯ್ಸ್ಟರ್ಸ್ ಅಂತ ಒಂದು ಶಾಖೆ ಇದೆ. ಅಲ್ಲಿ ಒಂದು ಹಳೆಯ ಕಟ್ಟು ಇದೆ. ಸುಮಾರು 1475-80ರದ್ದು, ಇಂದಿನ ನೆದರ್ಲೆಂಡ್ಸ್, ಬೆಲ್ಜಿಯಂ ಕಡೆಯದು. 52 ಎಲೆ, ಒಂದೂ ಕಳೆದಿಲ್ಲ. ಆಕಾರ ಚೌಕವಲ್ಲ, ಉದ್ದನೆ ಮೊಟ್ಟೆಯ ಹಾಗೆ. ಗುರುತುಗಳೆಲ್ಲ ಬೇಟೆಯವು: ಕೊಂಬು, ನಾಯಿಯ ಕೊರಳಪಟ್ಟಿ, ನಾಯಿ ಕಟ್ಟುವ ಹಗ್ಗ, ಉರುಲು. ಕೈಯಲ್ಲೇ ಬರೆದು ಬಣ್ಣ, ಚಿನ್ನ ಹಾಕಿದ್ದು. ಜರ್ಮನಿಯ ಕಲೋನ್‌ನಲ್ಲಿ 1500ರ ಸುಮಾರಿಗೆ ಪಿ.ಡಬ್ಲ್ಯೂ. ಅಂತಷ್ಟೇ ಸಹಿ ಹಾಕುತ್ತಿದ್ದ ಒಬ್ಬ ಕೆತ್ತನೆಗಾರ ಪೂರ್ತಿ ದುಂಡನೆಯ ಎಲೆಗಳನ್ನೇ ಮಾಡಿದ್ದ. ಅದರಲ್ಲಿ ಐದು ಬಣ. ಮೊಲ, ಗಿಳಿ, ಉಳಿದ ಮೂರು ಹೂವು. ಅಂದರೆ ಚಿತ್ರಗಾರರ ಕೈಗೆ ಎಲೆ ಸಿಕ್ಕಾಗ ಚೌಕ ಬಿಟ್ಟು ಆಚೆ ಹೋಗುವ ಆಸೆ ಎಲ್ಲ ಕಡೆ ಇತ್ತು ಅನ್ನಿಸುತ್ತೆ.

ನಾನು ಹೇಳಬೇಕೆಂದದ್ದು ಬೇರೆ. ಆ ಬೇಟೆಯ ಕಟ್ಟಿನ ಮೇಲೆ ಆಡಿ ಸವೆದ ಗುರುತು ಹೆಚ್ಚೇನೂ ಇಲ್ಲ. ಆಡದೆ ಇಟ್ಟಿದ್ದರಿಂದಲೇ ಅದು ಉಳಿಯಿತು. ಆಗಿನ ಜನ ದಿನಾ ಆಡಿದ ಎಲೆಗಳೆಲ್ಲ ಹರಿದು ಮಣ್ಣಾದವು. ಗಾಜಿನ ಮುಂದೆ ನಿಂತು ನಾನು ತುಂಬಾ ಹೊತ್ತು ನೋಡಿದೆ. ಒಂದು ಕಡೆ ಖುಷಿ. ಇನ್ನೊಂದು ಕಡೆ, ಇದನ್ನು ಯಾರೂ ಕೈಯಲ್ಲಿ ಹಿಡಿದು ಗೆದ್ದಿಲ್ಲವೇನೋ, ಸೋತಿಲ್ಲವೇನೋ ಅನ್ನುವ ಸಂಕಟ. ಹಾಗಾಗಿ ಫ್ರೇಮ್ ಬೇಡ ಅನ್ನುವವರ ಪರ ನಾನು. ಆದರೆ ಈ 113ನ್ನೇ ಹಿಡಿದು ದಿನಾ ಆಡಿ ಅಂತಲೂ ಹೇಳಲಾರೆ.

ಸುಮ್ನೆ_ಓದುಗಿ
(ಭಾನುವಾರ, ಬೆಳಿಗ್ಗೆ 11:00)

ನಾನು ಫ್ರೇಮ್ ಪರ. ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮನೆಯಲ್ಲಿ ಹೀಗೇ ಒಂದು ಕಟ್ಟು ಇತ್ತು. ಆಡಲಿ ಅಂತ ಮಕ್ಕಳಿಗೆ ಕೊಟ್ಟರು. ಈಗ ಉಳಿದಿರುವುದು ಮೂರೇ ಎಲೆ, ಅದೂ ನನ್ನ ಪರ್ಸಿನಲ್ಲಿ. ನರಸಿಂಹನ ಮುಖ ಅರ್ಧ ಅಳಿಸಿದೆ. ಗೋಡೆಯ ಮೇಲಿದ್ದಿದ್ದರೆ ಇರುತ್ತಿತ್ತು.

ಎಲೆಗಾರ_ಮಂಡ್ಯ
(ಭಾನುವಾರ, ಬೆಳಿಗ್ಗೆ 11:25)

ನಿಮ್ಮ ನೋವು ಅರ್ಥವಾಗುತ್ತೆ ಅಕ್ಕಾ. ಆದರೆ ಅಂಟಿಸಿದರೆ ಹಿಂಬದಿ ಹಾಳಾಯಿತು, ಗೋಡೆಯ ಬೆಳಕಿಗೆ ಬಣ್ಣ ಮಾಸಿತು. ಪೆಟ್ಟಿಗೆಯೇ ಅದಕ್ಕೆ ಸರಿಯಾದ ಜಾಗ. ಹಳೆಯದನ್ನು ಪೆಟ್ಟಿಗೆಯಲ್ಲಿಡಿ, ಅದನ್ನೇ ನೋಡಿಕೊಂಡು ಹೊಸ ಕಟ್ಟು ಮಾಡಿ ಆಡಿ. ನನ್ನ ಮಾತು ಇಷ್ಟೇ: ಎಲೆ ಉಳಿದು ಆಟ ಹೋದರೆ ಅರ್ಧ ಹೋದ ಹಾಗೆ.

ಇತಿಹಾಸದ_ಮೇಷ್ಟ್ರು
(ಭಾನುವಾರ, ಮಧ್ಯಾಹ್ನ 12:10)

ಮೈಸೂರಿನ ಮಾತು ಬರದೆ ಈ ಚರ್ಚೆ ಮುಗಿಯಬಾರದು. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಆಟಗಳ ವಿಷಯದಲ್ಲಿ ದೊಡ್ಡ ತಲೆ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಅವರ ಬುದ್ಧಿಯೆಲ್ಲ ಪುಸ್ತಕ, ಚಿತ್ರ, ಆಟಗಳ ಕಡೆ ಹರಿಯಿತು. ಚದುರಂಗದ ಕುದುರೆಯನ್ನು ಎಲ್ಲ ಮನೆಗಳಿಗೂ ಒಂದೊಂದೇ ಸಲ ಓಡಿಸುವ ಲೆಕ್ಕಗಳನ್ನು ಮಾಡಿದ್ದರು. ಅವರ ಶ್ರೀತತ್ತ್ವನಿಧಿ ಅನ್ನುವ ಗ್ರಂಥದಲ್ಲಿ ಒಂಬತ್ತು ನಿಧಿಗಳಿವೆ, ಅಂದರೆ ಭಾಗಗಳು. ಕೊನೆಯದು ಕೌತುಕ ನಿಧಿ. ಅದರಲ್ಲಿ ಛದಗಳ ವಿವರ ಬರುತ್ತದೆ. ಸಂಸ್ಕೃತದಲ್ಲಿ ಛದ ಅಂದರೆ ಎಲೆ. ನಾವು ಇಸ್ಪೀಟನ್ನು ಇವತ್ತಿಗೂ "ಎಲೆ" ಅಂತಲೇ ಕರೆಯುತ್ತೇವಲ್ಲ, ಅದೇ.

ಹದಿಮೂರು ಬಗೆಯ ಛದಗಳು. ಚಿಕ್ಕದರಲ್ಲಿ 36 ಎಲೆ, ದೊಡ್ಡದರಲ್ಲಿ 360. ಚಾಮುಂಡೇಶ್ವರಿ ಛದಕ್ಕೆ 320 ಎಲೆ, 16 ಬಣ. ನವಗ್ರಹಗಳ ಹೆಸರಿನದೂ ಇದೆ. ಒಂದೊಂದು ಎಲೆಯಲ್ಲೂ ಯಾವ ದೇವತೆ, ಯಾವ ಬಣ್ಣ, ಕೈಯಲ್ಲಿ ಏನು ಹಿಡಿದಿರಬೇಕು ಅಂತ ಗೊತ್ತುಮಾಡಿ, ಅರಮನೆಯ ಚಿತ್ರಗಾರರು ಅದನ್ನು ಬರೆಯುತ್ತಿದ್ದರು. 320 ಚಿಕ್ಕ ಚಿತ್ರಗಳು ಅಂದರೆ ಒಂದು ಗ್ಯಾಲರಿಯೇ ಅಲ್ವಾ? ಅದು ಒಂದು ಪೆಟ್ಟಿಗೆಯಲ್ಲಿ ಕೂರುತ್ತಿತ್ತು.

ಬೊಂಬಾಯಿಯಲ್ಲಿ ನೆಲೆಸಿದ್ದ ಕಲಾ ವಿಮರ್ಶಕ ರುಡಾಲ್ಫ್ ವಾನ್ ಲೇಡನ್ ಈ ಎಲೆಗಳ ಬೆನ್ನು ಹತ್ತಿ, ಎಷ್ಟೋ ಕಟ್ಟುಗಳನ್ನು ಕೂಡಿಸಿ ಬರೆದರು. ನಮ್ಮವರೇ ಆದ ಗಂಜೀಫಾ ರಘುಪತಿ ಭಟ್ಟರು ಮೈಸೂರಿನಲ್ಲಿ ಕೂತು ದಶಕಗಳ ಕಾಲ ಇದನ್ನು ಬರೆದು, ಕಲಿಸಿ, ಹೆಸರಿನ ಜೊತೆಗೇ ಗಂಜೀಫಾ ಸೇರಿಸಿಕೊಂಡರು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯೂ ಸಿಕ್ಕಿದೆ.

ಹುಬ್ಬಳ್ಳಿ_ಹುಡುಗ
(ಭಾನುವಾರ, ಮಧ್ಯಾಹ್ನ 1:00)

ಕಳೆದ ವರ್ಷ ಒಂದು ಅಂಗಡಿಯಾಗ "ಅಸಲಿ ಗಂಜೀಫಾ" ಅಂತ ಹೇಳಿ ನನಗೆ ಆರು ಎಲೆ ಮಾರಿದರು. ಮನೆಗೆ ಬಂದು ನೋಡಿದರೆ ಪ್ರಿಂಟ್ ಹೊಡೆದ ರಟ್ಟು, ಮೇಲೆ ಪ್ಲಾಸ್ಟಿಕ್. ಟೀ ಲೋಟ ಇಡುವ ಬಿಲ್ಲೆ ಅವು. ನಾಲ್ಕು ಮಂದಿ ಕೈಯಿಂದ ಬರೆಯುವವರು ಊರಾಗ ಇರುವಾಗ ಹೀಗೆ ಮಾರಿದರೆ ಅವರ ಹೊಟ್ಟೆಪಾಡು ಏನಾಗಬೇಕು? ಅಸಲಿಯನ್ನು ಹೆಂಗ ಗುರುತಿಸೋದು ಹೇಳ್ರಿ.

ಬಣ್ಣದ_ಬಟ್ಟಲು
(ಭಾನುವಾರ, ಮಧ್ಯಾಹ್ನ 2:20)

ಒಂದೇ ಬಣದ ಎರಡು ಎಲೆ ಪಕ್ಕಪಕ್ಕ ಇಟ್ಟು ನೋಡಿ. ಕೈಯಲ್ಲಿ ಬರೆದದ್ದಾದರೆ ಒಂದು ಮೀನಿನ ಹಾಗೆ ಇನ್ನೊಂದು ಮೀನು ಇರುವುದಿಲ್ಲ. ಒಂದರ ಬಾಲ ಸ್ವಲ್ಪ ಮೇಲೆ, ಒಂದರ ಕಣ್ಣು ಸ್ವಲ್ಪ ದೊಡ್ಡದು. ಓರೆಯಾಗಿ ಬೆಳಕಿಗೆ ಹಿಡಿದರೆ ಕುಂಚದ ಗೆರೆ ಎದ್ದು ಕಾಣುತ್ತೆ. ಅಂಚು ನೋಡಿ, ಬಟ್ಟೆಯ ಪದರ ಕಾಣಬೇಕು. ಬೆರಳಿಂದ ತಟ್ಟಿದರೆ ಒಣಗಿದ ಸೋರೆಬುರುಡೆಯ ಥರ ಸದ್ದು ಬರುತ್ತೆ.

ಪುರಿ_ಪಯಣಿಗ
(ಭಾನುವಾರ, ಸಂಜೆ 4:45)

ನಾನು ಕೆಲಸದ ಮೇಲೆ ಭುವನೇಶ್ವರದಲ್ಲಿದ್ದೇನೆ. ಪುರಿ ಹತ್ತಿರದ ರಘುರಾಜಪುರಕ್ಕೆ ಆಗಾಗ ಹೋಗುತ್ತೇನೆ. ಅಲ್ಲಿ ಇದಕ್ಕೆ ಗಂಜಪಾ ಅನ್ನುತ್ತಾರೆ. ಪಟಚಿತ್ರ ಬರೆಯುವ ಮನೆಗಳಲ್ಲೇ ಎಲೆಯನ್ನೂ ಮಾಡುತ್ತಾರೆ. ಒಂದು ಮನೆಯ ಜಗಲಿಯಲ್ಲಿ ಕೂತು ಪೂರ್ತಿ ಕೆಲಸ ನೋಡಿದೆ. ಹೊಸ ಕಟ್ಟು ಮಾಡುವವರಿಗೆ ಅನುಕೂಲವಾಗಲಿ ಅಂತ ಬರೆಯುತ್ತಿದ್ದೇನೆ.

ಹುಣಿಸೆ ಬೀಜವನ್ನು ನೆನೆಸಿ, ರುಬ್ಬಿ, ನೀರು ಹಾಕಿ ಕುದಿಸಿ ಅಂಟು ಮಾಡುತ್ತಾರೆ. ಹಳೆಯ ಹತ್ತಿ ಬಟ್ಟೆ ತೆಗೆದುಕೊಂಡು ಒಂದರ ಮೇಲೊಂದು ಅದೇ ಅಂಟಿನಲ್ಲಿ ಅಂಟಿಸುತ್ತಾರೆ. ಉಟ್ಟು ಒಗೆದು ಮೆತ್ತಗಾದ ಬಟ್ಟೆಯೇ ಬೇಕು. ಹೊಸ ಬಟ್ಟೆ ಸುರುಟಿಕೊಳ್ಳುತ್ತದಂತೆ. ಒಣಗಿದ ಮೇಲೆ ಸೀಮೆಸುಣ್ಣದ ಪುಡಿಯನ್ನು ಅಂಟಿಗೆ ಬೆರೆಸಿ ಎರಡೂ ಕಡೆ ಬಳಿಯುತ್ತಾರೆ. ಆಮೇಲೆ ನುಣುಪು ಕಲ್ಲಿನಿಂದ ಉಜ್ಜುವುದು. ಉಜ್ಜಿ ಉಜ್ಜಿ ಬಟ್ಟೆ ಅನ್ನುವುದೇ ಮರೆತುಹೋಗಬೇಕು. ಆಮೇಲೆ ದುಂಡಗೆ ಕತ್ತರಿಸಿ, ಹಿನ್ನೆಲೆ ಬಣ್ಣ ಹಾಕಿ, ಚಿತ್ರ ಬರೆಯುತ್ತಾರೆ. ಕೊನೆಗೆ ಅರಗು.

ಬಂಗಾಳದ ಬಿಷ್ಣುಪುರದಲ್ಲೂ ದಶಾವತಾರದ ಎಲೆ ಮಾಡುವ ಮನೆತನವಿದೆ. ಅಲ್ಲಿ ಐದು ಜನ ಕೂತು ಆಡುವ ರೂಢಿ. ನಮಗೆ ಹತ್ತಿರದಲ್ಲಿ, ಗೋವಾ ದಾಟಿದರೆ ಸಾವಂತವಾಡಿ. ಅಲ್ಲಂತೂ ಒಂದು ಕಾಲಕ್ಕೆ ಕೆಲಸ ಬಲ್ಲ ಒಬ್ಬ ಹಿರಿಯ ಚಿತಾರಿ ಮಾತ್ರ ಉಳಿದಿದ್ದರು. ರಾಜಮನೆತನದ ಶಿವರಾಮರಾಜೆ ಭೋಸಲೆ, ರಾಣಿ ಸತ್ವಶೀಲಾದೇವಿ ತಾವೇ ಅವರ ಹತ್ತಿರ ಕೂತು ಕಲಿತು, ಅರಮನೆಯ ದರ್ಬಾರು ಹಾಲಿನಲ್ಲೇ ಕಾರ್ಖಾನೆ ಶುರು ಮಾಡಿದರು. ಇವತ್ತೂ ಅಲ್ಲಿ ನೆಲದ ಮೇಲೆ ಕೂತು ಬರೆಯುವವರನ್ನು ನೋಡಬಹುದು.

ಕಾವೇರಿದಡದ_ಮೊಮ್ಮಗಳು
(ಭಾನುವಾರ, ರಾತ್ರಿ 8:15)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಡೀ ಮಧ್ಯಾಹ್ನ ಚಾಪೆ ಮೇಲೆ ಬಣ್ಣದ ಪ್ರಕಾರ ಜೋಡಿಸಿದೆವು. ಅಜ್ಜಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಿದ್ದರು.

ಇಲ್ಲದ್ದು ಇವು: ಆಮೆಯ ನಾಲ್ಕು, ವರಾಹನ ಏಳು ಮತ್ತು ಎಂಟು, ವಾಮನನ ಮಂತ್ರಿ, ಪರಶುರಾಮನ ಎರಡು, ಬುದ್ಧನ ಒಂಬತ್ತು, ಕಲ್ಕಿಯ ರಾಜ. ಕಲ್ಕಿಯೇ ಇಲ್ಲ ಅಂತ ನಾನು ಪೇಚಾಡಿದೆ. ಅಜ್ಜಿ ಕುದುರೆಯ ಮೇಲಿನ ಮಂತ್ರಿಯನ್ನು ಕೈಗೆತ್ತಿಕೊಂಡು, "ಅವನಿನ್ನೂ ಬರಬೇಕಲ್ಲಮ್ಮ" ಅಂದರು.

ಫ್ರೇಮ್ ಮಾತು ಬಿಟ್ಟಾಯಿತು. ತಮ್ಮನೂ ಒಪ್ಪಿದ. ಈಗ ಎರಡು ಪ್ರಶ್ನೆ. ಒಂದು, ಕಳೆದ ಏಳನ್ನು ಹೊಸದಾಗಿ ಬರೆಸಿ ಸೇರಿಸಬಹುದಾ? ಎರಡು, ಆಡುವುದು ಹೇಗೆ?

ಬಣ್ಣದ_ಬಟ್ಟಲು
(ಭಾನುವಾರ, ರಾತ್ರಿ 9:00)

ಮೊದಲನೆಯದಕ್ಕೆ: ಖಂಡಿತ ಬರೆಸಬಹುದು, ನಾನೇ ಬರೆದುಕೊಡುತ್ತೇನೆ. ದುಡ್ಡು ಬೇಡ. ಎರಡು ಷರತ್ತು. ಹಳೆಯದರ ಹಾಗೆ ಕಾಣಲಿ ಅಂತ ಹೊಗೆ ಹಿಡಿಸುವುದು, ಟೀ ಬಳಿಯುವುದು ಮಾಡುವುದಿಲ್ಲ. ಮತ್ತೆ, ಹೊಸದರ ಅಂಚಿನಲ್ಲಿ ಒಂದು ಚಿಕ್ಕ ಚುಕ್ಕಿ ಇಡುತ್ತೇನೆ. ಮುಂದೆ ಯಾರಾದರೂ ನೋಡಿದರೆ ಯಾವುದು ಮೊದಲಿನದು, ಯಾವುದು ಆಮೇಲಿನದು ಅಂತ ಗೊತ್ತಾಗಬೇಕು. ನಾವು ಮೈಸೂರು ಚಿತ್ರಗಳಿಗೆ ಹಾಕುವ ಉಬ್ಬು ಚಿನ್ನದ ಕೆಲಸ ಕೇಳಬೇಡಿ. ಕಲಸುವ ಎಲೆಗೆ ಅದು ಆಗಿಬರುವುದಿಲ್ಲ, ಉಜ್ಜಿ ಹೋಗುತ್ತೆ.

ಪಕ್ಕದ ಎಲೆಗಳ ಫೋಟೊ ಹಗಲು ಬೆಳಕಿನಲ್ಲಿ ತೆಗೆದು ಕಳಿಸಿ. ಕಲ್ಕಿಯ ಕುದುರೆ ಹೇಗಿತ್ತು ಅಂತ ಅಜ್ಜಿಗೆ ನೆನಪಿದ್ದರೆ ಅದನ್ನೂ ಬರೆಯಿರಿ. ಅವರ ನೆನಪಿನಿಂದಲೇ ಬರೆಯೋಣ.

ಎಲೆಗಾರ_ಮಂಡ್ಯ
(ಭಾನುವಾರ, ರಾತ್ರಿ 9:35)

ಆಟಕ್ಕೆ ನಾನು. ಚಿಕ್ಕದಾಗಿ ಹೇಳುತ್ತೇನೆ.

ಮೂರು ಜನ. ತುರುಫು, ಅಂದರೆ ಉಳಿದೆಲ್ಲವನ್ನೂ ಹೊಡೆಯುವ ಬಣ, ಇಲ್ಲ. ಹಗಲು ಆಡಿದರೆ ರಾಮನ ರಾಜ ಯಾರ ಕೈಯಲ್ಲಿದೆಯೋ ಅವರು ಮೊದಲು. ರಾತ್ರಿಯಾದರೆ ಕೃಷ್ಣ ಇದ್ದವರು. ಮೊದಲ ಸಲ ರಾಜನ ಜೊತೆ ಒಂದು ಸಣ್ಣ ಎಲೆಯನ್ನೂ ಇಳಿಸಬೇಕು, ಉಳಿದವರು ಎರಡೆರಡು ಎಲೆ ಹಾಕುತ್ತಾರೆ. ಆ ಸುತ್ತು ರಾಜನದೇ. ಆಮೇಲೆ ಒಂದೊಂದೇ. ರಾಜ ಹೋದ ಮೇಲೆ ಆ ಬಣಕ್ಕೆ ಮಂತ್ರಿ ದೊಡ್ಡವನು, ಅವನೂ ಹೋದರೆ ಅದರ ಕೆಳಗಿನದು. ಯಾವುದು ಹೋಯ್ತು, ಯಾವುದು ಇನ್ನೂ ಹೊರಗಿದೆ ಅಂತ ನೆನಪಿಡುವುದೇ ಇಡೀ ಆಟ. ಕೊನೆಗೆ ಯಾರ ಹತ್ತಿರ ಜಾಸ್ತಿ ಎಲೆ ಕೂಡಿದೆಯೋ ಅವರು ಗೆದ್ದರು.

ಒಂದು ಗಮ್ಮತ್ತು ಇದೆ. ಐದು ಬಣಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಇನ್ನೈದರಲ್ಲಿ ಉಲ್ಟಾ. ಮಂತ್ರಿ ಆದಮೇಲೆ ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಕೆಳಗೆ. ಯಾವ ಐದು ಅನ್ನುವುದನ್ನು ನಿಮ್ಮ ಅಜ್ಜಿಯನ್ನೇ ಕೇಳಿ. ಮನೆಯ ರೂಢಿ ಹೇಗಿತ್ತೋ ಹಾಗೇ ಆಡಿ.

ಕಾವೇರಿದಡದ_ಮೊಮ್ಮಗಳು
(ಏಳು ವಾರದ ನಂತರ, ಶನಿವಾರ, ರಾತ್ರಿ 11:20)

ತಡವಾಯಿತು, ಕ್ಷಮಿಸಿ.

ಬಣ್ಣದ ಬಟ್ಟಲು ಅಕ್ಕ ಬರೆದ ಏಳೂ ಎಲೆ ಬಂದವು. ಕಲ್ಕಿಯ ಕುದುರೆ ಬಿಳಿ, ಮುಂಗಾಲು ಎತ್ತಿದೆ. ಅಜ್ಜಿ ಹೇಳಿದ್ದು ಹಾಗೇ. ಅಂಚಿನ ಚುಕ್ಕಿಯೂ ಇದೆ. ಆ ಪೆಟ್ಟಿಗೆಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದೇವೆ.

ಆಡಲು ಬೇರೆ ಕಟ್ಟು ಮಾಡಿಕೊಂಡೆವು. ಅಜ್ಜಿಯ ಎರಡು ಹಳೆ ಸೀರೆ, ಅರ್ಧ ಸೇರು ಹುಣಿಸೆ ಬೀಜ. ಮೊದಲ ಸಲ ಅಂಟು ಗಂಟಾಯಿತು. ಎರಡನೇ ಸಲ ಸರಿಹೋಯಿತು. ದುಂಡಗೆ ಕತ್ತರಿಸಲು ತಮ್ಮ ಸ್ಟೀಲ್ ಲೋಟ ಇಟ್ಟು ಗೆರೆ ಎಳೆದ. ನಮ್ಮ ಮೀನುಗಳು ಹಳೆಯದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಮೀನು ಅಂತ ಗೊತ್ತಾಗುತ್ತೆ. 120 ಬರೆಯಲು ನಾಲ್ಕು ಜನಕ್ಕೆ ಒಂದು ತಿಂಗಳು ಹಿಡಿಯಿತು.

ಇವತ್ತು ರಾತ್ರಿ ಊಟ ಆದಮೇಲೆ ಮೊದಲ ಆಟ. ಅಜ್ಜಿ, ತಮ್ಮ, ನಾನು. ಬೆಡ್‌ಶೀಟ್ ಹಾಸಿ ಕಲಸಿದೆವು. ಎಲೆಗಾರ ಅಣ್ಣ ಹೇಳಿದ ಸದ್ದು ಬಂತು. ಕೃಷ್ಣ ಅಜ್ಜಿಯ ಕೈಗೇ ಬಂದಿದ್ದ. ಕೃಷ್ಣನ ಜೊತೆ ಮೀನಿನ ಹತ್ತನ್ನು ಇಳಿಸಿದರು. ತಮ್ಮ ಗಾಬರಿಯಿಂದ, "ಅಜ್ಜೀ, ಹತ್ತು ಹಾಕಿಬಿಟ್ರಲ್ಲ, ವಾಪಸ್ ತಗೊಳ್ಳಿ" ಅಂದ. ಅಜ್ಜಿ ಅವನ ಕೈ ಸರಿಸಿ, "ನಮ್ಮನೇಲಿ ಮೀನಿಗೆ ಒಂದೇ ದೊಡ್ಡದು ಕಣೋ" ಅಂತ ಆರೂ ಎಲೆಗಳನ್ನು ಎಳೆದುಕೊಂಡರು.